ಸವಣೂರಿನ ವಿನಾಯಕರು

ಕನ್ನಡ ಕವಿತೆಯ ಇತಿಹಾಸವನ್ನು ಬರೆಯತಕ್ಕವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸೀಮೆಯನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ಅದೇ ತಾಲೂಕಿನ ಶಿಶುವಿನಹಾಳದಲ್ಲಿ ಶರೀಫ ಸಾಹೇಬರು ಬಾಳಿದರು. ಸರ್ವಜ್ಞನ ನೆನಪು ಹಿರೇಕೆರೂರಿನ ಸೀಮೆಗೆ ಅಂಟಿಕೊಂಡಿರುವದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನವು ಕೂಡಿದಾಗ ಪ್ರಧಾನ ವೇದಿಕೆಗೆ ಈ ಮೂವರ ಹೆಸರುಗಳನ್ನೇ ಜೋಡಿಸಿ ಇಟ್ಟರು. ಅದು ತಕ್ಕದ್ದೇ ಆಗಿತ್ತು. ಈ ಮೂವರ ಮಾತುಗಳನ್ನು ಅಕ್ಷರ ಬಾರದವರೂ ಬಲ್ಲರು. ಭಜನೆಯ ಮೇಳಗಳಲ್ಲಿ, ಹೊಲದ ಬದುವಿನ ಮೇಲೆ, ಸಂತೆಯ ಮಾತುಕತೆಯಲ್ಲಿ ಅವು ಇಂದಿಗೂ ಓಡಾಡುತ್ತಿರುವವು.

ಆದರೆ ಈ ಸೀಮೆಯ ಇನ್ನೊಬ್ಬ ಕವಿಯ ಸ್ಥಿತಿಯು ಇದಕ್ಕೆ ತೀರ ವಿಪರೀತವಾದದ್ದು. ಅವರ ಹೆಸರನ್ನು ಎಲ್ಲರೂ ಬಲ್ಲರು, ಕವಿತೆಯನ್ನು ಬಲ್ಲವರು ವಿರಳ. ಕೆಲವು ತಿಂಗಳುಗಳ ಕೆಳಗೆ ನಮ್ಮ ಜಿಲ್ಲೆಯದೇ ಒಂದು ಶಾಲೆಯಲ್ಲಿ ಮೇಲಿನ ತರಗತಿಯ ಹುಡುಗರೊಡನೆ ಮಾತನಾಡುವ ಪ್ರಸಂಗವು ನನಗೆ ಬಂದಿತು. ವಿ. ಕೃ. ಗೋಕಾಕರು ಯಾರು ಎಂದು ಕೇಳಿದೆನು. ಒಬ್ಬನು ‘ಗೋಕಾಕ ವರದಿ’ ಎಂದನು. ಇನ್ನೊಬ್ಬನು ‘ಜ್ಞಾನಪೀಠ’ ಎಂದನು. ಮೂರನೆಯವನು ಸ್ವಲ್ಪ ಹೊತ್ತು ಯೋಚಿಸಿ ಅವರದು ಗೋಕಾಕ ಜಲಪಾತದ ಊರು ಎಂದು ಹೇಳಿಬಿಟ್ಟನು! ಸವಣೂರಿನ ಹೆಸರು ಒಬ್ಬನ ಬಾಯಿಂದಲೂ ಬರಲಿಲ್ಲ. ಹುಡುಗರನ್ನು ನಕ್ಕು ಫಲವಿಲ್ಲ. ಅವರ ಹಿರಿಯರಾದ ನಾವಾದರೂ ವರದಿ, ಪೀಠ, ಪ್ರಶಸ್ತಿಗಳಾಚೆಗೆ ಎಷ್ಟು ದೂರ ಹೋಗಿರುವೆವು? ಅವರ ಕಾವ್ಯದಲ್ಲಿ ಯಾವದು ಉಳಿಯತಕ್ಕದ್ದು, ಯಾವದು ಉಳಿಯಲಾರದು ಎಂಬದನ್ನು ದಾಕ್ಷಿಣ್ಯವಿಲ್ಲದೆ ವಿಚಾರಿಸುವದು ಪ್ರಕೃತ ಲೇಖನದ ಉದ್ದೇಶವಾಗಿರುವದು.

ಶ್ರೀ ವಿನಾಯಕ ಕೃಷ್ಣ ಗೋಕಾಕರು 1909ನೆಯ ಇಸವಿ ಅಗಸ್ಟ 9ರಂದು ಸವಣೂರಿನಲ್ಲಿ ಹುಟ್ಟಿದರು. ಸವಣೂರು ಆಗ ನವಾಬರ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಒಂದೆಡೆ ನವಾಬರ ಅರಮನೆ, ಇನ್ನೊಂದೆಡೆ ಶ್ರೀ ಸತ್ಯಬೋಧಸ್ವಾಮಿಗಳ ವೃಂದಾವನ, ಊರ ಹೊರಗೆ ಎಲೆಬಳ್ಳಿಯ ತೋಟಗಳು. ಬೀದಿಗೆ ಇಳಿದರೆ ಕನ್ನಡವೂ ಉರ್ದುವೂ ಒಂದರ ಕೊರಳಿಗೆ ಒಂದು ಕೈಹಾಕಿ ನಡೆಯುವ ಊರದು. ಅಲ್ಲಿಯ ಮಜೀದ ಹೈಸ್ಕೂಲಿನಲ್ಲಿ ಓದಿ, ಧಾರವಾಡದ ಕರ್ನಾಟಕ ಕಾಲೇಜಿಗೆ ಹೋದರು. ಅಲ್ಲಿ ಇಂಗ್ಲಿಷು ಸಾಹಿತ್ಯವನ್ನು ಮುಖ್ಯವಾಗಿ ಅಭ್ಯಾಸಮಾಡಿದ ಈ ತರುಣನನ್ನು ಕನ್ನಡದ ಕಡೆಗೆ ತಿರುಗಿಸಿದವರು ಶ್ರೀ ಬೇಂದ್ರೆಯವರೆಂಬದು ಪ್ರಸಿದ್ಧವೇ ಇರುವದು. ಗೆಳೆಯರ ಗುಂಪಿನಲ್ಲಿ ಅವರಿಗೆ ಸ್ಥಾನ ದೊರೆಯಿತು. ‘ವಿನಾಯಕ’ ಎಂಬ ಹೆಸರಿನಿಂದ ಕವಿತೆಗಳು ಬರತೊಡಗಿದವು. 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1936ರಲ್ಲಿ ಹಡಗನ್ನೇರಿ ಆಕ್ಸಫರ್ಡಿಗೆ ಹೋಗಿ, ಇಂಗ್ಲಿಷು ಸಾಹಿತ್ಯದಲ್ಲಿ ಪ್ರಥಮ ವರ್ಗವನ್ನು ಪಡೆದು, 1938ರಲ್ಲಿ ತಿರುಗಿ ಬಂದರು. ಅಲ್ಲಿಂದ ಮುಂದಿನದು ಅಧಿಕಾರಗಳ ಉದ್ದವಾದ ಪಟ್ಟಿ: ಸಾಂಗಲಿ, ಕೊಲ್ಹಾಪುರ, ಧಾರವಾಡಗಳಲ್ಲಿ ಪ್ರಾಚಾರ್ಯತ್ವ, ಹೈದರಾಬಾದಿನ ಇಂಗ್ಲಿಷು ಸಂಸ್ಥೆಯ ನಿರ್ದೇಶಕತ್ವ, 1966ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿತ್ವ, ಕೇಂದ್ರ ಸಾಹಿತ್ಯ ಅಕಾದೆಮಿಯ ಅಧ್ಯಕ್ಷತೆ. 1992ರ ಎಪ್ರಿಲ್ 28ರಂದು ಮುಂಬಯಿಯಲ್ಲಿ ತೀರಿಕೊಂಡರು. ಇಷ್ಟು ಕುರ್ಚಿಗಳ ಮೇಲೆ ಕುಳಿತ ಮನುಷ್ಯನಿಗೆ ಕವಿತೆ ಬರೆಯುವ ಹೊತ್ತು ಎಲ್ಲಿಂದ ಸಿಕ್ಕಿತು ಎಂದು ಆಶ್ಚರ್ಯವಾಗುವದು. ಸಿಕ್ಕಿತಷ್ಟೇ ಅಲ್ಲ, ಅತಿಯಾಗಿಯೇ ಸಿಕ್ಕಿತೆಂದು ಅವರ ಗ್ರಂಥರಾಶಿಯನ್ನು ನೋಡಿದವರಿಗೆ ಅನಿಸದಿರದು.

ಮೊದಲನೆಯ ಸಂಗ್ರಹವಾದ ‘ಕಲೋಪಾಸಕ’ವು 1934ರಲ್ಲಿ ಹೊರಬಿದ್ದಿತು. ಹೆಸರೇ ಹೇಳುವಂತೆ ಅದು ಸೌಂದರ್ಯವನ್ನು ದೇವತೆಯನ್ನಾಗಿ ಕೂಡಿಸಿ ಪೂಜಿಸುವ ತರುಣನ ಕೃತಿ. ಇಂಗ್ಲಿಷು ರಮ್ಯಕವಿಗಳ ನೆರಳೂ ಬೇಂದ್ರೆಯವರ ನೆರಳೂ ಅಲ್ಲಿ ಒಟ್ಟಿಗೇ ಬಿದ್ದಿರುವವು. ಓದಬಹುದು, ಮರೆಯಲೂಬಹುದು. ಇದರ ಮೇಲಿಂದ ಕವಿಯನ್ನು ಅಳೆದವರು ಇವನೊಬ್ಬ ಸುಶಿಕ್ಷಿತ ಅನುಯಾಯಿ ಎಂದು ತೀರ್ಪು ಕೊಟ್ಟಿದ್ದರೆ ಅದು ಅನ್ಯಾಯವಾಗುತ್ತಿರಲಿಲ್ಲ.

ಆ ತೀರ್ಪನ್ನು ಸುಳ್ಳುಮಾಡಿದ್ದು ಕಡಲು. ನಮ್ಮ ಸೀಮೆಯು ಕೆರೆಗಳ ಸೀಮೆ. ಇಲ್ಲಿಯ ಮನುಷ್ಯನು ನೀರನ್ನು ಏರಿಯ ಒಳಗೆ ನಿಂತದ್ದನ್ನಾಗಿ ಬಲ್ಲನು. ವರದಾ ನದಿಯು ತುಂಬಿ ಬಂದದ್ದೇ ಅವನ ಕಣ್ಣಿಗೆ ಜಲಪ್ರಳಯ. ಇಂಥ ನೆಲದಲ್ಲಿ ಬೆಳೆದ ಇಪ್ಪತ್ತೇಳು ವರುಷದ ಅಧ್ಯಾಪಕನೊಬ್ಬನು ದಿನದಿನವೂ ನಾಲ್ಕು ದಿಕ್ಕಿಗೂ ನೀರಲ್ಲದೆ ಬೇರೇನೂ ಕಾಣದ ಹಡಗಿನ ಮೇಲೆ ನಿಂತನು. ಅವನು ಓದಿದ ಯಾವ ಅಲಂಕಾರ ಗ್ರಂಥವೂ ಇದಕ್ಕೆ ಅವನನ್ನು ಸಿದ್ಧಗೊಳಿಸಿರಲಿಲ್ಲ. ನಮ್ಮ ಮಹಾಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳೊಳಗೆ ಸಮುದ್ರವರ್ಣನೆಯೂ ಒಂದೆಂಬದು ನಿಜ. ಆದರೆ ಒಳನಾಡಿನ ಆಸ್ಥಾನಗಳಲ್ಲಿ ಹುಟ್ಟಿದ ಆ ವರ್ಣನೆಗಳ ಕಡಲು ಬಹುಮಟ್ಟಿಗೆ ಪುಸ್ತಕದ ಕಡಲು: ರತ್ನಾಕರ, ತಿಮಿಂಗಿಲ, ಮಂದರ, ಬಡಬಾಗ್ನಿ. ಕರಾವಳಿಯ ಕವಿಗಳಿಗಾದರೋ ಅದು ದಿನದಿನದ ನೆರೆಹೊರೆ. ಹಿತ್ತಲಿನ ಬಾಗಿಲು ತೆರೆದರೆ ಕೇಳುವ ಮೊರೆತ. ವಿನಾಯಕರಿಗೆ ಅದು ಪುಸ್ತಕವೂ ಅಲ್ಲ, ನೆರೆಯೂ ಅಲ್ಲ. ಮೊದಲನೆಯ ಸಲ ಕಂಡ ಅಪರಿಚಿತವಾದ ಮಹಾಭೂತ. ಈ ಅಪರಿಚಯವೇ ‘ಸಮುದ್ರಗೀತೆಗಳು’ (1940) ಎಂಬ ಸಂಗ್ರಹದ ಜೀವಾಳವೆಂದು ನನ್ನ ಅಭಿಪ್ರಾಯ.

ಆ ಕವಿತೆಗಳಲ್ಲಿ ಛಂದಸ್ಸಿಗೆ ಆದದ್ದೇನೆಂಬದನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಮಾತ್ರೆಗಳನ್ನು ಎಣಿಸಿ ಸಮಸಮನಾಗಿ ಕತ್ತರಿಸಿದ ಪಾದಗಳಲ್ಲಿ ಕಡಲನ್ನು ಹಿಡಿಯಲು ಸಾಧ್ಯವಾಗುವದಿಲ್ಲ. ತೆರೆಗಳಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಇರುವದಿಲ್ಲ. ಆದುದರಿಂದ ಕವಿಯು ಸಾಲನ್ನು ಹಿಗ್ಗಿಸುವನು, ಕುಗ್ಗಿಸುವನು. ಪ್ರಾಸವು ತಾನಾಗಿ ಬಂದರೆ ಬರಗೊಡುವನು, ಬಾರದಿದ್ದರೆ ಅದಕ್ಕಾಗಿ ಬಲೆ ಬೀಸುವದಿಲ್ಲ. ಮುಕ್ತಚ್ಛಂದವು ಇಲ್ಲಿ ಫ್ಯಾಶನ್ನಿಗಾಗಿ ತಂದದ್ದಾಗಿರದೆ ವಸ್ತುವು ಒತ್ತಾಯಮಾಡಿ ತೆಗೆದುಕೊಂಡ ಸ್ವಾತಂತ್ರ್ಯವಾಗಿರುವದು. ಮುಂದೆ ಹತ್ತು ವರುಷಗಳ ಮೇಲೆ ಮುಕ್ತಚ್ಛಂದದ ವಿಷಯವಾಗಿ ಕನ್ನಡದಲ್ಲಿ ನಡೆದ ವಾದಗಳನ್ನು ಓದುವಾಗಲೆಲ್ಲ ಈ ಹಡಗಿನ ಕವಿತೆಗಳು ನನಗೆ ನೆನಪಾಗುವವು. ಆ ವಾದಿಗಳಲ್ಲಿ ಎಷ್ಟೋ ಜನರಿಗೆ ಬಿಡುಗಡೆ ಬೇಕಾಗಿತ್ತು; ಯಾವದಕ್ಕಾಗಿ ಬೇಕಾಗಿತ್ತು ಎಂಬದು ಮಾತ್ರ ಗೊತ್ತಿರಲಿಲ್ಲ. ಇನ್ನೊಂದು ಗುಣವುಂಟು. ಬೋಧಿಸುವ ಚಟವು ಅಧ್ಯಾಪಕ ವೃತ್ತಿಯವರ ರಕ್ತದಲ್ಲಿಯೇ ಸೇರಿಹೋಗಿರುವದು (ಇದನ್ನು ಬರೆಯುತ್ತಿರುವವನೂ ಅದಕ್ಕೆ ಹೊರತಲ್ಲ). ಈ ಸಂಗ್ರಹದ ಉತ್ತಮ ಕವಿತೆಗಳಲ್ಲಿ ಆ ಚಟವು ಕಡಲಿನ ಎದುರಿಗೆ ಬಾಯಿ ಮುಚ್ಚಿಕೊಂಡಿರುವದು. ಕಾಣುವವನು ಸಣ್ಣವನಾಗಿ, ಕಂಡದ್ದು ದೊಡ್ಡದಾಗಿ ಉಳಿಯುವದು. ಕಡಲನ್ನು ಜೀವಾತ್ಮ ಪರಮಾತ್ಮರ ದೃಷ್ಟಾಂತಕ್ಕಾಗಿ ದುಡಿಸಿಕೊಂಡ ಕವಿತೆಗಳೂ ಅದರಲ್ಲಿ ಇಲ್ಲದಿಲ್ಲ. ಅಲ್ಲಿ ನೀರು ಥಟ್ಟನೆ ಒಣಗಿಹೋಗುವದು.

ಇಲ್ಲಿಂದ ಮುಂದಿನ ಕಥೆಯನ್ನು ತಿಳಿಯಬೇಕಾದರೆ ಸ್ವಲ್ಪ ಹೊತ್ತು ಬಂಗಾಲದ ಕಡೆಗೆ ನೋಡಬೇಕಾಗುವದು. ಆ ಕಾಲದಲ್ಲಿ ಧಾರವಾಡದ ತರುಣ ಕವಿಗಳಿಗೆ ಬಂಗಾಲವು ಎರಡು ಬಾಗಿಲುಗಳಿಂದ ತೆರೆದಿತ್ತು. ಒಂದು ರವೀಂದ್ರರದು, ಇನ್ನೊಂದು ಶ್ರೀ ಅರವಿಂದರದು. ರವೀಂದ್ರರ ಗಾಳಿಯು ಎಲ್ಲರನ್ನೂ ಸೋಕಿತು. ಅರವಿಂದರ ಪ್ರಭಾವವು ಅಷ್ಟು ವ್ಯಾಪಕವಲ್ಲದಿದ್ದರೂ ತಟ್ಟಿದವರಿಗೆ ಆಳವಾಗಿ ತಟ್ಟಿತು. ಹಲಸಂಗಿಯ ಮಧುರಚೆನ್ನರಿಗೆ ತಟ್ಟಿದಂತೆ ವಿನಾಯಕರಿಗೂ ತಟ್ಟಿತು. ಅರವಿಂದರ ವಿಷಯವಾಗಿ ಅವರು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. ವಿರೋಧಗಳೆಲ್ಲವೂ ಮೇಲಿನದೊಂದು ನೆಲೆಯಲ್ಲಿ ಸಮನ್ವಯವಾಗತಕ್ಕವು ಎಂಬ ನಂಬುಗೆಯು ಅವರ ಬಾಳಿಗೆ ಊರುಗೋಲಾಯಿತು. ‘ಸಮರಸವೇ ಜೀವನ’ ಎಂಬದು ಅವರ ಬೃಹತ್ ಕಾದಂಬರಿಯ ಹೆಸರು; ಅದೇ ಅವರ ಮತದ ಹೆಸರೂ ಆಗಬಹುದು.

ಅದೇ ಕಾಲದ ಬಂಗಾಲದಲ್ಲಿ ಮೂರನೆಯ ಬಾಗಿಲೊಂದು ತೆರೆಯುತ್ತಿತ್ತು. ಅದು ನಮ್ಮವರ ಕಣ್ಣಿಗೆ ಬೇಗ ಬೀಳಲಿಲ್ಲ. ಬುದ್ಧದೇವ ಬಸು ಅವರು 1935ರಲ್ಲಿ ‘ಕವಿತಾ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಸುಧೀಂದ್ರನಾಥ ದತ್ತ, ವಿಷ್ಣು ದೇ, ಜೀವನಾನಂದ ದಾಸ ಮೊದಲಾದವರು ರವೀಂದ್ರರಂಥ ಮಹಾವೃಕ್ಷದ ನೆರಳಿನಿಂದ ಹೊರಬಿದ್ದು ಬಿಸಿಲಿಗೆ ನಿಲ್ಲುವ ಸಾಹಸಮಾಡಿದರು. ಇವರಲ್ಲಿ ಜೀವನಾನಂದರನ್ನು (1899–1954) ವಿನಾಯಕರ ಪಕ್ಕದಲ್ಲಿ ನಿಲ್ಲಿಸಿ ನೋಡುವದು ಬೋಧಪ್ರದವಾಗುವದು. ಇಬ್ಬರೂ ಇಂಗ್ಲಿಷಿನ ಅಧ್ಯಾಪಕರು. ಇಬ್ಬರೂ ದೊಡ್ಡ ನಗರದಿಂದ ದೂರದ ಸೀಮೆಯಲ್ಲಿ ಹುಟ್ಟಿದವರು. ಅಲ್ಲಿಂದ ಮುಂದೆ ಎಲ್ಲವೂ ಬೇರೆ. ವಿನಾಯಕರನ್ನು ಪದವಿಗಳು ಹುಡುಕಿಕೊಂಡು ಬಂದವು. ಜೀವನಾನಂದರಿಗೆ ಕೆಲಸವೇ ನಿಲ್ಲಲಿಲ್ಲ, ಕಡೆಗೆ ಕಲಕತ್ತೆಯ ಟ್ರಾಮಿಗೆ ಸಿಕ್ಕಿ ಗಾಯಗೊಂಡು ತೀರಿಕೊಂಡರು. ಕನ್ನಡದಲ್ಲಿ ‘ಕಲೋಪಾಸಕ’ವು ಪ್ರಕಟವಾದ 1934ರ ಸುಮಾರಿಗೇ ಅವರು ತಮ್ಮ ಬಾರಿಸಾಲದ ಹುಲ್ಲು, ಹೊಳೆ, ಹಕ್ಕಿಗಳನ್ನು ಕುರಿತ ಸುನೀತಗಳನ್ನು ಬರೆದು ಪೆಟ್ಟಿಗೆಯಲ್ಲಿಟ್ಟರು. ಅವರು ಸತ್ತ ಮೂರು ವರುಷಗಳ ಮೇಲೆ, 1957ರಲ್ಲಿ, ಅವು ‘ರೂಪಸೀ ಬಾಂಗ್ಲಾ’ ಎಂಬ ಹೆಸರಿನಿಂದ ಅಚ್ಚಾದವು. ಇಂದು ಬಂಗಾಲದಲ್ಲಿ ಆ ಹುಲ್ಲು ಹಕ್ಕಿಗಳನ್ನು ಅರಿಯದ ಓದುಗನಿಲ್ಲ.

ನಮ್ಮ ಕವಿಯ ಕೊರತೆಯು ಈ ಹೋಲಿಕೆಯಲ್ಲಿ ಎದ್ದು ಕಾಣುವದು. ಸವಣೂರು ವಿನಾಯಕರ ಕಾವ್ಯದ ನಡುಮನೆಗೆ ಬರಲಿಲ್ಲ. ಆ ಊರಿನ ಸಮಾಧಿಗಳು, ಎಲೆಯ ತೋಟಗಳು, ದೊಡ್ಡಹುಣಸೆಯ ಮಠದಲ್ಲಿ ಆನೆಯಂತೆ ನಿಂತ ಆಫ್ರಿಕ ಖಂಡದ ಜಾತಿಯ ಮರಗಳು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಯ ಮಾತು, ಇವು ಅವರಿಗೆ ಕವಿತೆಯ ವಸ್ತುವೆಂದು ತೋರಿದ್ದು ಕಡಿಮೆ. ಬೇಂದ್ರೆಯವರು ಧಾರವಾಡದ ಓಣಿಯ ಮಾತನ್ನು ತಂದು ಕಾವ್ಯದ ಗದ್ದುಗೆಯ ಮೇಲೆ ಕೂಡಿಸಿದರು. ಸವಣೂರಿಗೆ ಕೂಗಳತೆಯೆನ್ನಬಹುದಾದ ಶಿಶುವಿನಹಾಳದ ಶರೀಫರು ಅದೇ ಮಿಶ್ರಭಾಷೆಯಲ್ಲಿ ತತ್ವವನ್ನು ಹಾಡಿ ತೋರಿಸಿದ್ದರು. ದಾರಿಯು ಮನೆಯ ಮುಂದೆಯೇ ಇದ್ದಿತು. ಆದರೂ ವಿನಾಯಕರು ಹಿಡಿದದ್ದು ಸಂಸ್ಕೃತದ ರಾಜಮಾರ್ಗವನ್ನು. ಅದರಿಂದ ಅವರ ಶೈಲಿಗೆ ಗಾಂಭೀರ್ಯವೂ ವಿಸ್ತಾರವೂ ಬಂದವು. ನಾಲಗೆಯ ಮೇಲೆ ನಿಲ್ಲುವ ಗುಣವು ಬರಲಿಲ್ಲ. ಹುಡುಗರಿಗೆ ಅವರದೊಂದು ಸಾಲೂ ನೆನಪಿರಲಿಲ್ಲವೆಂದು ನಾನು ಮೇಲೆ ಕೊರಗಿದೆನಷ್ಟೆ. ಆ ದೋಷದಲ್ಲಿ ಕವಿಯ ಪಾಲೂ ಇರುವದೆಂದು ಒಪ್ಪಲೇಬೇಕು.

ಇರಲಿ. ಬಂಗಾಲದಲ್ಲಿ ಹೊಸ ಕವಿತೆಯ ಬಾವುಟವನ್ನು ಹಾರಿಸಿದವರು ಹಳೆಯದರ ಪ್ರತಿಭಟನೆಗಾರರು. ಕನ್ನಡದಲ್ಲಿ ನಡೆದದ್ದು ವಿಚಿತ್ರ. ಇಲ್ಲಿ ನವೋದಯದ ಗರಡಿಯಲ್ಲಿಯೇ ಪಳಗಿದ ಕವಿಯು ಎದ್ದು ನಿಂತು, ಇನ್ನು ಈ ದಾರಿ ಸಾಲದು, ಹೊಸ ಕಾಲಕ್ಕೆ ಹೊಸ ಲಯ ಬೇಕು, ಅದನ್ನು ‘ನವ್ಯ’ವೆಂದು ಕರೆಯೋಣ ಎಂದು ಸಾರಿದನು. 1950ರ ಸುಮಾರಿಗೆ ಮುಂಬಯಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಲನದ ಕವಿಗೋಷ್ಠಿಯಲ್ಲಿ ಅಧ್ಯಕ್ಷರಾಗಿ ವಿನಾಯಕರು ಹೇಳಿದ್ದು ಇದನ್ನೇ. ಅದೇ ಸುಮಾರಿಗೆ ‘ನವ್ಯ ಕವಿತೆಗಳು’ ಎಂಬ ಸಂಗ್ರಹವೂ ಬಂದಿತು. ಅದಕ್ಕೂ ಮೊದಲು, 1939ರಲ್ಲಿ ಇಟಲಿಯಲ್ಲಿ ಅಕಾಲಮರಣಕ್ಕೆ ಈಡಾದ ಪೇಜಾವರ ಸದಾಶಿವರಾಯರು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದ್ದರೆಂಬದನ್ನು ಮರೆಯಲಾಗದು. ಆದರೆ ಹೆಸರಿಟ್ಟು ಚರ್ಚೆಗೆ ಎಳೆದವರು ವಿನಾಯಕರು. ತನ್ನ ಪೀಳಿಗೆಯ ಕೀರ್ತಿಯು ಉಚ್ಚಸ್ಥಿತಿಯಲ್ಲಿರುವಾಗಲೇ ಅದರ ಅಪೂರ್ಣತೆಯನ್ನು ಬಹಿರಂಗವಾಗಿ ಹೇಳುವದಕ್ಕೆ ಎದೆಗಾರಿಕೆ ಬೇಕು. ವಿಮರ್ಶಕರಾಗಿ ಅವರು ತೋರಿಸಿದ ಈ ನಿಃಸ್ವಾರ್ಥಬುದ್ಧಿಗೆ ಕನ್ನಡವು ಸಲ್ಲಿಸಬೇಕಾದ ಋಣವು ಇನ್ನೂ ತೀರಿಲ್ಲ.

ಆದರೆ ಅವರು ತೆರೆದ ಮನೆಯಲ್ಲಿ ಅವರೇ ಒಕ್ಕಲಾಗಲಿಲ್ಲ. ಎರಡೇ ವರುಷಗಳಲ್ಲಿ ಶ್ರೀ ಗೋಪಾಲಕೃಷ್ಣ ಅಡಿಗರ ‘ನಡೆದು ಬಂದ ದಾರಿ’ಯೂ 1954ರಲ್ಲಿ ‘ಚಂಡೆ ಮದ್ದಳೆ’ಯೂ ಬಂದವು, ‘ನವ್ಯ’ವೆಂಬ ಶಬ್ದದ ಅರ್ಥವೇ ಬೇರೆಯಾಯಿತು. ಅಡಿಗರಿಗೆ ನವ್ಯವೆಂದರೆ ಒಡಕು, ಕೋಪ, ವ್ಯಂಗ್ಯ. ಹೊರಗಿನ ಸ್ವರಾಜ್ಯದ ಒಳಗೆ ಕಂಡ ಹುಳುಕು. ವಿನಾಯಕರಿಗೆ ಅದು ಹೊಸ ಲಯ, ಹೊಸ ವಸ್ತು, ಹೊಸ ಪ್ರತಿಮೆ. ಆದರೆ ಅಂತ್ಯದಲ್ಲಿ ಸಮನ್ವಯವಾಗಲೇಬೇಕು. ಪಟ್ಟಣದ ಗದ್ದಲವನ್ನೂ ಯಂತ್ರದ ಕರ್ಕಶವನ್ನೂ ಅವರು ಕವಿತೆಗೆ ಕರೆತಂದರು, ಆದರೆ ಕುಳಿತುಕೊಳ್ಳುವ ಮೊದಲೇ ಅವುಗಳ ಕೈಗೆ ಶಾಂತಿಮಂತ್ರವನ್ನು ಕೊಟ್ಟರು. ಸಂಕಟವು ಪೂರ್ತಿಯಾಗಿ ಸಂಕಟವಾಗುವ ಮುಂಚೆಯೇ ಪರಿಹಾರವು ಸಿದ್ಧವಿರುವ ಕವಿತೆಯಲ್ಲಿ ವಾಚಕನಿಗೆ ಮಾಡುವ ಕೆಲಸವೇನೂ ಉಳಿಯುವದಿಲ್ಲ. ನಂಬುಗೆಯುಳ್ಳವನು ದೊಡ್ಡ ಕವಿಯಾಗಲಾರನೆಂದು ನಾನು ಹೇಳುತ್ತಿಲ್ಲ. ಕನಕದಾಸರ ಸೀಮೆಯಲ್ಲಿ ನಿಂತು ಹಾಗೆ ಹೇಳಲು ಯಾರಿಗಾದರೂ ನಾಲಗೆ ಬಂದೀತೆ? ಆದರೆ ಕನಕದಾಸರಲ್ಲಿ ನಂಬುಗೆಯು ಜಗಳವಾಡಿ ಗೆದ್ದದ್ದು. ವಿನಾಯಕರಲ್ಲಿ ಅದು ಎಷ್ಟೋ ಸಲ ಜಗಳಕ್ಕೆ ಮೊದಲೇ ಗೆದ್ದು ಕುಳಿತಿರುವದು.

ಮುಗಿಲನ್ನೂ ಇಳೆಯನ್ನೂ ವಸ್ತುವನ್ನಾಗಿ ಮಾಡಿಕೊಂಡ ‘ದ್ಯಾವಾಪೃಥಿವೀ’ಗೆ (1957) 1960ರಲ್ಲಿ ಅಕಾದೆಮಿಯ ಪ್ರಶಸ್ತಿ ಬಂದಿತು. ಸಮುದ್ರದ ಕವಿಯು ಅದರಲ್ಲಿ ಆಗಾಗ ಮತ್ತೆ ಕಣ್ಣು ತೆರೆಯುವನು. ಮಹಾಭೂತಗಳ ಎದುರಿಗೆ ನಿಂತಾಗಲೇ ಇವರ ಪ್ರತಿಭೆಯು ಚೇತರಿಸಿಕೊಳ್ಳುವದೆಂಬದಕ್ಕೆ ಇದು ಇನ್ನೊಂದು ಸಾಕ್ಷಿ.

‘ಭಾರತ ಸಿಂಧು ರಶ್ಮಿ’ಯ ವಿಷಯವಾಗಿ ಮಾತನಾಡುವಾಗ ಹೆಚ್ಚು ಜಾಗರೂಕತೆಯು ಬೇಕು. 1982ರಲ್ಲಿ ಪ್ರಕಟವಾದ ಈ ಮಹಾಕಾವ್ಯವು ಸುಮಾರು 35,000 ಸಾಲುಗಳಷ್ಟು ವಿಸ್ತಾರವಾದದ್ದು. ಅರವಿಂದರ ‘ಸಾವಿತ್ರಿ’ಯೇ ಸುಮಾರು 24,000 ಸಾಲುಗಳದು. ವೇದಕಾಲದ ವಿಶ್ವಾಮಿತ್ರನು ಇದರ ನಾಯಕ. ರಾಜನು ಋಷಿಯಾಗುವ, ದ್ವೇಷವು ದರ್ಶನವಾಗುವ ಆ ಕಥೆಯನ್ನು ಸಮನ್ವಯದ ಕವಿಯು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇಂಥ ಗ್ರಂಥವನ್ನು ಪೂರೈಸಿದ ಆ ಉದ್ಯೋಗಶೀಲತೆಗೆ ಕೈ ಮುಗಿಯಬೇಕು. 1990ರ ಜ್ಞಾನಪೀಠ ಪ್ರಶಸ್ತಿಯು ಅವರ ಸಮಗ್ರ ಸೇವೆಗೆ ಸಂದಾಗ ಎಲ್ಲರ ಬಾಯಲ್ಲಿಯೂ ಇದ್ದದ್ದು ಈ ಕೃತಿಯ ಹೆಸರೇ. ನಾನು ಇದನ್ನು ಎರಡು ಮಳೆಗಾಲಗಳಲ್ಲಿ ಓದಿ ಮುಗಿಸಿದೆನು. ವಿಶ್ವಾಮಿತ್ರನು ಸೋತು, ಕೆರಳಿ, ತನ್ನ ತಪಸ್ಸನ್ನು ತಾನೇ ಹಾಳುಮಾಡಿಕೊಂಡು ಮತ್ತೆ ಮೊದಲಿನಿಂದ ತೊಡಗುವ ಕಡೆಗಳಲ್ಲಿ ಪುಸ್ತಕವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಅವನು ವ್ಯಾಖ್ಯಾನಕ್ಕೆ ತೊಡಗಿದನೆಂದರೆ ಹಾಳೆಗಳನ್ನು ಎಣಿಸುವ ಪಾಪವು ನನ್ನಿಂದ ನಡೆದುಹೋಯಿತು. ಆಯ್ದ ಭಾಗಗಳ ಚಿಕ್ಕ ಸಂಪುಟವೊಂದನ್ನು ಯಾರಾದರೂ ಸಾಹಸಿಗಳು ಸಿದ್ಧಪಡಿಸಿದರೆ ಕವಿಗೆ ಅದರಿಂದ ಉಪಕಾರವೇ ಆಗುವದು. ಜೊತೆಗೆ ‘ಸಮುದ್ರಗೀತೆಗಳ’ನ್ನು ಇಡಿಯಾಗಿ ಸೇರಿಸಲಿ. ಅದನ್ನು ಹುಡುಕುತ್ತ ನಾನು ಹತ್ತಿದ ಗ್ರಂಥಾಲಯಗಳ ಮೆಟ್ಟಿಲುಗಳ ಲೆಕ್ಕವನ್ನು ಇಲ್ಲಿ ಕೊಡಲಾರೆ.

ಕೊನೆಗೆ ಆ ವರದಿಯ ಮಾತು. 1981ರ ಜನವರಿಯಲ್ಲಿ ಗೋಕಾಕ ಸಮಿತಿಯು ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಸರಕಾರಕ್ಕೆ ಸಲಹೆ ಕೊಟ್ಟಿತು. ಅದರ ಜಾರಿಗಾಗಿ ನಾಡೆಲ್ಲ ಬೀದಿಗಿಳಿಯಿತು. ಜೀವಮಾನವೆಲ್ಲ ಇಂಗ್ಲಿಷನ್ನು ಕಲಿಸಿದ, ಇಂಗ್ಲಿಷು ಕಲಿಸುವದನ್ನು ಕಲಿಸುವ ಸಂಸ್ಥೆಯನ್ನೇ ನಡೆಸಿದ ಮನುಷ್ಯನ ಹೆಸರು ಕನ್ನಡದ ಯುದ್ಧಘೋಷವಾಯಿತು. ಆ ಚಳುವಳಿಯ ಮುಂದಾಳುಗಳಲ್ಲಿ ಒಬ್ಬರು ಚಂದ್ರಶೇಖರ ಪಾಟೀಲರು, ನಮ್ಮ ‘ಚಂಪಾ’. ಅವರೂ ಇಂಗ್ಲಿಷಿನ ಅಧ್ಯಾಪಕರೇ, ಅವರೂ ಕವಿಗಳೇ. ಸಮನ್ವಯದ ಹೆಸರೆತ್ತಿದರೆ ಚುಚ್ಚುನುಡಿಯಿಂದ ಉತ್ತರಕೊಡುವ ಸ್ವಭಾವದವರು. ಬೀದಿಯ ಮಾತನ್ನು ಕವಿತೆಗೆ ಎಳೆದು ತಂದವರು. 2022ರ ಜನವರಿಯಲ್ಲಿ ತೀರಿಕೊಂಡರು. ಹಿರಿಯ ಕವಿಯ ಕಾವ್ಯಮಾರ್ಗವು ಈ ಕಿರಿಯ ಕವಿಗೆ ಒಗ್ಗುವಂಥದ್ದಾಗಿರಲಿಲ್ಲ. ಹಿರಿಯರ ಹೆಸರು ಹೊತ್ತ ವರದಿಗಾಗಿ ಮಾತ್ರ ಅವರು ಬೀದಿಯಲ್ಲಿ ನಿಂತರು. ಅವರು ಹುಟ್ಟಿದ್ದು ಸವಣೂರು ತಾಲೂಕಿನದೇ ಆದ ಹತ್ತಿಮತ್ತೂರಿನಲ್ಲಿ.